ಒಣ ಮೈಗೆ ಫ್ಯಾನ್ ಹಾಕಿದರೆ ನಾಯಿ ತಣ್ಣಗಾಗುತ್ತದೆಯೇ?

ಬಿಸಿಗಾಳಿಯ ದಿನಗಳು ಹೆಚ್ಚುತ್ತಿವೆ. ಅದಕ್ಕಿಂತ ತೊಂದರೆಯ ಸಂಗತಿಯೆಂದರೆ ರಾತ್ರಿಯೂ ಸೆಕೆ ಇಳಿಯದ ದಿನಗಳು ಹೆಚ್ಚುತ್ತಿವೆ. ಸಾಕಿದ ನಾಯಿ, ಬೆಕ್ಕುಗಳಿಗಾಗಿ ಆಗ ನಾವು ಮಾಡುವ ಏರ್ಪಾಡುಗಳು ಬಹುಪಾಲು ನಮ್ಮ ಚರ್ಮದ ಅನುಭವದಿಂದ ಹುಟ್ಟಿದವು. ನಮಗೆ ಫ್ಯಾನ್ ಹಿತ, ಆದ್ದರಿಂದ ಅದಕ್ಕೂ ಫ್ಯಾನ್. ಕೂದಲು ಕತ್ತರಿಸಿದರೆ ನಮಗೆ ಹಗುರ, ಆದ್ದರಿಂದ ಅದರ ಮೈಯನ್ನೂ ಬೋಳಿಸುವುದು. ಜ್ವರಕ್ಕೆ ನಮಗೆ ಒದ್ದೆ ಬಟ್ಟೆ, ಆದ್ದರಿಂದ ಅದಕ್ಕೂ ಒದ್ದೆ ಟವೆಲ್ ಹೊದಿಸುವುದು. ಈ ಮೂರರಲ್ಲಿ ಮೊದಲನೆಯದು ಅಂದುಕೊಂಡಷ್ಟು ಕೆಲಸ ಮಾಡುವುದಿಲ್ಲ. ಉಳಿದೆರಡು ಕೆಲವೊಮ್ಮೆ ಹಾನಿಯನ್ನೇ ಮಾಡುತ್ತವೆ. ಮೂರಕ್ಕೂ ಕಾರಣ ಒಂದೇ: ನಮ್ಮ ಮೈಯೆಲ್ಲ ಬೆವರುತ್ತದೆ, ಅವುಗಳದ್ದು ಬೆವರುವುದಿಲ್ಲ.

ಪೂರ್ತಿ ಬೆವರುವುದೇ ಇಲ್ಲ ಎಂದಲ್ಲ. ನಾಯಿಗೂ ಬೆಕ್ಕಿಗೂ ಅಂಗಾಲಿನ ಮೆತ್ತೆಗಳಲ್ಲಿ ನೀರು ಒಸರುವ ಬೆವರು ಗ್ರಂಥಿಗಳಿವೆ. ಚಿಕಿತ್ಸಾಲಯದ ಮೇಜಿನ ಮೇಲೆ ಹೆದರಿದ ಬೆಕ್ಕು ಮೂಡಿಸುವ ಒದ್ದೆ ಹೆಜ್ಜೆಗುರುತು ಅದರದ್ದೇ. ಆದರೆ ಇಡೀ ಮೈಗೆ ಹೋಲಿಸಿದರೆ ಆ ಜಾಗ ತೀರ ಚಿಕ್ಕದು. ಅಲ್ಲಿಂದ ಆವಿಯಾಗುವ ನೀರು ದೇಹದ ಶಾಖದ ಲೆಕ್ಕದಲ್ಲಿ ನಗಣ್ಯ. ಮೈಮೇಲಿನ ಉಳಿದ ಗ್ರಂಥಿಗಳಿಗೆ ವಾಸನೆಯ ಕೆಲಸವೇ ಹೊರತು ತಂಪಿನ ಕೆಲಸವಿಲ್ಲ.

ಆರೋಗ್ಯವಂತ ನಾಯಿಯ ಮೈಬಿಸಿ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಬೆಕ್ಕಿನದ್ದೂ ಹೆಚ್ಚುಕಡಿಮೆ ಅಷ್ಟೇ. ಸುತ್ತಲಿನ ಗಾಳಿ 25 ಡಿಗ್ರಿ ಇದ್ದರೆ ಶಾಖ ತಾನಾಗಿಯೇ ಹೊರಗೆ ಹರಿಯುತ್ತದೆ: ತಣ್ಣನೆಯ ನೆಲಕ್ಕೆ ತಾಗಿದ ಹೊಟ್ಟೆಯಿಂದ, ಬೀಸುವ ಗಾಳಿಯಿಂದ, ಗೋಡೆಗಳ ಕಡೆಗೆ ಹೊಮ್ಮುವ ವಿಕಿರಣದಿಂದ. ಗಾಳಿಯ ಬಿಸಿ 39ರ ಹತ್ತಿರ ಬಂದಂತೆ ಈ ಮೂರು ದಾರಿಗಳೂ ಮುಚ್ಚುತ್ತವೆ. ಅದನ್ನು ದಾಟಿದರೆ ಶಾಖ ಒಳಮುಖವಾಗಿ ಹರಿಯತೊಡಗುತ್ತದೆ. ಆಗ ಉಳಿಯುವ ದಾರಿ ಒಂದೇ, ನೀರು ಆವಿಯಾಗುವುದು. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 2.4 ಕಿಲೋಜೂಲ್ ಶಾಖವನ್ನು ಹೊತ್ತೊಯ್ಯುತ್ತದೆ. ಮನುಷ್ಯ ಆ ನೀರನ್ನು ಚರ್ಮದ ಮೇಲೆ ಹರಡುತ್ತಾನೆ. ನಾಯಿ ಅದನ್ನು ಮೂಗು ಬಾಯಿಗಳಲ್ಲಿ ಆವಿ ಮಾಡುತ್ತದೆ. ಬೆಕ್ಕು ತನ್ನ ತುಪ್ಪಳಕ್ಕೆ ತಾನೇ ಬಳಿದುಕೊಳ್ಳುತ್ತದೆ.

ತೇಕುವುದೆಂದರೆ ದಣಿವಲ್ಲ

ನಾಯಿ ನಾಲಿಗೆ ಚಾಚಿ ತೇಕುವುದನ್ನು ನೋಡಿ ಸುಸ್ತಾಗಿದೆ ಎನ್ನುತ್ತೇವೆ. ಅದು ತಂಪುಯಂತ್ರ ಚಾಲೂ ಆಗಿರುವ ಗುರುತು. ಸುಮ್ಮನೆ ಮಲಗಿದಾಗ ನಿಮಿಷಕ್ಕೆ 15ರಿಂದ 30 ಇರುವ ಉಸಿರು ತೇಕುವಾಗ 300ರ ಆಸುಪಾಸಿಗೆ ಜಿಗಿಯುತ್ತದೆ. ಇಷ್ಟು ವೇಗವಾಗಿ ಎದೆಯ ಸ್ನಾಯುಗಳು ದುಡಿದರೆ ಅವೇ ಹೆಚ್ಚು ಶಾಖ ಹುಟ್ಟಿಸಬೇಕಲ್ಲ? ನಾಯಿ ಇದನ್ನು ಜಾಣತನದಿಂದ ತಪ್ಪಿಸಿಕೊಂಡಿದೆ. ಎದೆಗೂಡು ಮತ್ತು ಶ್ವಾಸಕೋಶಗಳಿಗೆ ತಮ್ಮದೇ ಆದ ಸಹಜ ಕಂಪನದ ಲಯವಿದೆ. ತೇಕುವ ವೇಗ ಸರಿಯಾಗಿ ಅದಕ್ಕೇ ಹೊಂದಿಕೊಂಡಿರುತ್ತದೆ. ಜೋಕಾಲಿಯನ್ನು ಅದರ ಲಯಕ್ಕೆ ತಕ್ಕಂತೆ ತಳ್ಳಿದರೆ ಬೆರಳ ತುದಿಯ ಬಲ ಸಾಕಲ್ಲ, ಹಾಗೆ.

ಈ ಉಸಿರು ಆಳವಾದುದೂ ಅಲ್ಲ. ಗಾಳಿ ಬಹುಪಾಲು ಮೂಗು, ಬಾಯಿ, ಗಂಟಲಿನ ಒದ್ದೆ ಮೇಲ್ಮೈಗಳ ಮೇಲೆ ಸುಳಿದು ಹಿಂದಿರುಗುತ್ತದೆ, ಶ್ವಾಸಕೋಶದ ತಳದವರೆಗೆ ಹೋಗುವುದಿಲ್ಲ. ಆಳಕ್ಕೆ ಹೋದರೆ ರಕ್ತದಿಂದ ಇಂಗಾಲದ ಡೈಆಕ್ಸೈಡ್ ಬೇಗ ಖಾಲಿಯಾಗಿ ರಕ್ತದ ಆಮ್ಲ-ಕ್ಷಾರ ಸಮತೋಲ ಕೆಡುತ್ತದೆ. ಅತಿಯಾಗಿ ಬಿಸಿಯಾದ ನಾಯಿಯಲ್ಲಿ ಹೀಗಾಗುವುದೂ ಉಂಟು. ಸಣ್ಣ ಚುರುಕಿನ ತೇಕು ಹೋಗಿ ಇಡೀ ಎದೆ ಏರಿಳಿಯುವ ಆಳದ ಏದುಸಿರು ಶುರುವಾದರೆ ಪರಿಸ್ಥಿತಿ ಕೈಮೀರುತ್ತಿದೆ ಎಂದು ತಿಳಿಯಬೇಕು.

ಇನ್ನೊಂದು ಅಂಶ ಕಡಿಮೆ ಜನರಿಗೆ ಗೊತ್ತು. ಈ ವ್ಯವಸ್ಥೆಯಲ್ಲಿ ಜೊಲ್ಲಿಗಿಂತ ಮೂಗಿನ ಪಾತ್ರ ಹಿರಿದು. ಮೂಗಿನ ಒಳಗೆ ಇಕ್ಕೆಲಗಳಲ್ಲಿರುವ ಗ್ರಂಥಿಗಳು ಸೆಕೆ ಏರಿದಂತೆ ಹೆಚ್ಚು ನೀರು ಸುರಿಸುತ್ತವೆ. ನಾಯಿ ಗಾಳಿಯನ್ನು ಮೂಗಿನಿಂದ ಎಳೆದು ಬಹುಪಾಲು ಬಾಯಿಯಿಂದ ಬಿಡುತ್ತದೆ. ಮೂಗಿನಿಂದಲೇ ಬಿಟ್ಟರೆ ಆವಿ ಅಲ್ಲೇ ಮತ್ತೆ ನೀರಾಗಿ ಶಾಖ ವಾಪಸು ಬರುತ್ತದೆ. ಆದ್ದರಿಂದ ಬಾಯಿ ಪೂರ್ತಿ ತೆರೆಯಲು ಬಿಡದ ಬಟ್ಟೆಯ ಬಾಯಿಕುಕ್ಕೆ ಹಾಕಿ ಬಿಸಿಲಲ್ಲಿ ಓಡಾಡಿಸುವುದು ತಂಪುಯಂತ್ರದ ಕಿಂಡಿಗೆ ಬಿರಡೆ ಹೊಡೆದಂತೆಯೇ. ಬಾಯಿಕುಕ್ಕೆ ಬೇಕೇಬೇಕಾದರೆ, ನಾಯಿ ಬಾಯಿ ಅಗಲಿಸಿ ನಾಲಿಗೆ ಚಾಚಲು ಜಾಗವಿರುವ ಬುಟ್ಟಿಯಾಕಾರದ್ದನ್ನೇ ಹಾಕಬೇಕು.

ಎಷ್ಟು ನೀರು ಬೇಕು ಎಂಬುದಕ್ಕೆ ಒರಟು ಲೆಕ್ಕ ಹಾಕಬಹುದು. 20 ಕಿಲೋ ತೂಕದ ನಾಯಿ ವಿಶ್ರಾಂತಿಯಲ್ಲಿದ್ದಾಗ ಸುಮಾರು 32 ವಾಟ್ ಶಾಖ ಹುಟ್ಟಿಸುತ್ತದೆ. ಗಾಳಿ ಮೈಯಷ್ಟೇ ಬಿಸಿಯಿದ್ದು ಶಾಖವೆಲ್ಲ ಆವಿಯಾಗಿಯೇ ಹೋಗಬೇಕೆಂದರೆ ಗಂಟೆಗೆ ಹತ್ತಿರ ಹತ್ತಿರ 50 ಮಿಲಿಲೀಟರ್ ನೀರು ಖರ್ಚು. ಅದೇ ನಾಯಿ ಓಡಿ ಹತ್ತು ಪಟ್ಟು ಶಾಖ ಹುಟ್ಟಿಸಿದರೆ ಅದೇ ಲೆಕ್ಕದಲ್ಲಿ ಗಂಟೆಗೆ ಅರ್ಧ ಲೀಟರ್. ಇಷ್ಟನ್ನು ಮೂಗು ಬಾಯಿಗಳು ಆವಿ ಮಾಡಲಾರವು, ಹಾಗಾಗಿ ಓಡುವ ನಾಯಿಯ ಮೈಬಿಸಿ ಏರುತ್ತಲೇ ಹೋಗುತ್ತದೆ. ಓಟ ನಿಲ್ಲಿಸಿದ ಮೇಲೂ ಕೆಲವು ನಿಮಿಷ ಏರುತ್ತಿರುತ್ತದೆ.

ತೇವದ ಗಾಳಿಯ ಲೆಕ್ಕ

ಥರ್ಮಾಮೀಟರಿನ ಅಂಕಿ ಮಾತ್ರ ನೋಡುವವರು ಮೋಸಹೋಗುವುದು ಇಲ್ಲಿ. ನಾಯಿ ಹೊರಬಿಡುವ ಉಸಿರು ಸುಮಾರು 38 ಡಿಗ್ರಿಯಲ್ಲಿ ಆವಿಯಿಂದ ತುಂಬಿ ತುಳುಕಿರುತ್ತದೆ ಎಂದಿಟ್ಟುಕೊಳ್ಳಿ. ಅಂಥ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 46 ಗ್ರಾಂ ನೀರಿರುತ್ತದೆ. ಹೊರಗೆ 38 ಡಿಗ್ರಿ, ಆರ್ದ್ರತೆ ಶೇ. 20 ಇರುವ ಒಣ ದಿನ ಒಳಗೆ ಎಳೆದ ಗಾಳಿಯಲ್ಲಿ ಆಗಲೇ ಇರುವ ನೀರು 9 ಗ್ರಾಂ. ಅಂದರೆ ಪ್ರತಿ ಘನ ಮೀಟರಿಗೂ 37 ಗ್ರಾಂ ನೀರು ಹೊರಗೆ ಹೋಯಿತು. ಹೊರಗೆ 32 ಡಿಗ್ರಿ, ಆರ್ದ್ರತೆ ಶೇ. 80 ಇದ್ದರೆ ಒಳಬರುವ ಗಾಳಿಯಲ್ಲೇ 27 ಗ್ರಾಂ ಇರುತ್ತದೆ. ಹೊರಗೆ ಹೋಗುವುದು ಬರೀ 19 ಗ್ರಾಂ. ಆರು ಡಿಗ್ರಿ ತಂಪೆನಿಸುವ ದಿನ ಪ್ರತಿ ಉಸಿರಿನ ಫಲ ಅರ್ಧಕ್ಕೆ ಇಳಿದಿರುತ್ತದೆ. ಮಳೆ ಬಿದ್ದು ನಿಂತ ಮೇಲಿನ ಬೇಗುದಿಯಲ್ಲಿ, ಮೋಡ ಕವಿದ ಸಂಜೆಯಲ್ಲಿ, ಬಿಸಿಲೇ ಇಲ್ಲದಿದ್ದರೂ ನಾಯಿ ಕುಸಿದುಬೀಳುವುದು ಇದರಿಂದಲೇ.

ಮನೆಯೊಳಗೂ ಇದೇ ಲೆಕ್ಕ. ನೀರಿನ ಏರ್ ಕೂಲರನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿ ಓಡಿಸಿದರೆ ಮೊದಲ ಅರ್ಧ ಗಂಟೆ ಹಿತ, ಆಮೇಲೆ ಕೋಣೆ ತೇವದಿಂದ ತುಂಬಿ ನಾಯಿಯ ತೇಕು ವ್ಯರ್ಥವಾಗತೊಡಗುತ್ತದೆ. ಕೂಲರ್ ಎದುರಿನ ಕಿಟಕಿ ತೆರೆದಿರಲೇಬೇಕು. ಏರ್ ಕಂಡೀಷನರ್ ಗಾಳಿಯ ತೇವವನ್ನೂ ಹೀರುವುದರಿಂದ ಅದನ್ನು 26 ಡಿಗ್ರಿಗೆ ಇಟ್ಟರೂ ಸಾಕಷ್ಟು ಉಪಕಾರ.

ಇನ್ನು ಫ್ಯಾನ್. ಗಾಳಿ 28-30 ಡಿಗ್ರಿ ಇರುವಾಗ ಅದರಿಂದ ಸ್ವಲ್ಪ ಲಾಭವಿದೆ, ತುಪ್ಪಳ ತೆಳುವಾಗಿರುವ ಹೊಟ್ಟೆ ತೊಡೆಸಂದುಗಳಿಗೆ ತಗುಲಿದರೆ ಇನ್ನೂ ಹೆಚ್ಚು. ಆದರೆ 38 ಡಿಗ್ರಿಯ ಗಾಳಿಯನ್ನು ಒಣ ತುಪ್ಪಳದ ಮೇಲೆ ಬೀಸಿದರೆ ಆವಿಯಾಗಲು ಅಲ್ಲಿ ನೀರೇ ಇಲ್ಲ. ಮೈಯನ್ನು ಚರ್ಮದವರೆಗೆ ಒದ್ದೆ ಮಾಡಿ ಅದೇ ಫ್ಯಾನ್ ಹಾಕಿ, ಫಲ ಬೇರೆಯೇ. ನೀರು, ಗಾಳಿ ಎರಡೂ ಒಟ್ಟಿಗೆ ಇರಬೇಕು. ಮೈಮೇಲೆ ಕೈಯಾಡಿಸಿದರೆ ಸಾಲದು; ದಟ್ಟ ತುಪ್ಪಳದ ನಾಯಿಯ ಮೈಮೇಲೆ ನೀರು ಮೇಲಿಂದಲೇ ಜಾರಿಹೋಗುತ್ತದೆ. ಬೆರಳುಗಳನ್ನು ಬುಡಕ್ಕೆ ತೂರಿಸಿ ತೋಯಿಸಬೇಕು.

ತಂಪು ಜಾಕೆಟ್ಟುಗಳ ಹಣೆಬರಹವೂ ಇಷ್ಟೇ. ಒಣ ಹವೆಯಲ್ಲಿ ಒದ್ದೆ ಮಾಡಿ ತೊಡಿಸಿದ ಜಾಕೆಟ್ ಚೆನ್ನಾಗಿ ದುಡಿಯುತ್ತದೆ. ಬಿಸಿಯಾದ ಕೂಡಲೇ ಬಿಚ್ಚಿ ಮತ್ತೆ ನೆನೆಸಬೇಕು. ಜಿಗುಟು ಸೆಕೆಯಲ್ಲಿ ಅದು ಬೆಚ್ಚನೆಯ ಒದ್ದೆ ಕಂಬಳಿ. ಜೆಲ್ ತುಂಬಿದ ಹಾಸು ಮೈಯ ಶಾಖವನ್ನು ಹೀರಿಕೊಂಡು ಸ್ವಲ್ಪ ಹೊತ್ತಿಗೆ ಮೈಯಷ್ಟೇ ಬಿಸಿಯಾಗುತ್ತದೆ. ನಾಯಿ ಎದ್ದು ಹೋದ ಮೇಲೆ ಅದು ಮತ್ತೆ ತಣಿಯಲು ಸಮಯ ಬೇಕು. ಬಿಸಿಲಿನಲ್ಲಿ ಹಾಸಿದರೆ ಉಲ್ಟಾ ಕೆಲಸ. ಸಿಕ್ಕಿದ್ದನ್ನೆಲ್ಲ ಕಚ್ಚಿ ಹರಿಯುವ ನಾಯಿಗೆ ಅದು ಬೇಡವೇ ಬೇಡ. ನೆರಳಿನ ಬರಿನೆಲ ಇದಕ್ಕಿಂತ ಕಡಿಮೆಯೇನಲ್ಲ. ದಪ್ಪ ಹಾಸಿಗೆ ತೆಗೆದಿಟ್ಟು ನೆಲ ಬಿಟ್ಟುಕೊಟ್ಟರೆ ಮುಗಿಯಿತು.

ಬೆಕ್ಕಿನ ದಾರಿ ಬೇರೆ

ಬೆಕ್ಕಿನ ಪೂರ್ವಜ ಮರುಭೂಮಿಯಂಚಿನ ಕಾಡುಬೆಕ್ಕು. ಮೈಬಿಸಿ ಕಾಯ್ದುಕೊಳ್ಳಲು ಹೆಚ್ಚಿನ ಶಕ್ತಿ ವ್ಯಯಿಸಬೇಕಿಲ್ಲದ ಗಾಳಿಯ ಉಷ್ಣತೆ ನಾಯಿಗೆ ಸುಮಾರು 20ರಿಂದ 30 ಡಿಗ್ರಿಯಾದರೆ ಬೆಕ್ಕಿಗೆ 30ರಿಂದ 38. ಮೊದಲ ಉಪಾಯವೆಂದರೆ ಏನೂ ಮಾಡದಿರುವುದು: ಮಧ್ಯಾಹ್ನವೆಲ್ಲ ಮೈ ಉದ್ದಕ್ಕೆ ಚಾಚಿ ತಣ್ಣನೆಯ ಜಾಗದಲ್ಲಿ ಬಿದ್ದುಕೊಂಡಿರುತ್ತದೆ. ಎರಡನೆಯದು ನೆಕ್ಕಿಕೊಳ್ಳುವುದು.

ಬೆಕ್ಕಿನ ನಾಲಿಗೆಯ ಮುಳ್ಳುಗಳು ಗಟ್ಟಿ ಕೊಂಡಿಗಳೆಂದು ಬಹುಕಾಲ ನಂಬಿದ್ದೆವು. ಅವುಗಳ ತುದಿ ಟೊಳ್ಳು, ಸಣ್ಣ ಸೌಟಿನಂತೆ ಜೊಲ್ಲನ್ನು ಹೀರಿಟ್ಟುಕೊಂಡು ತುಪ್ಪಳದ ಬುಡದವರೆಗೆ ಸಾಗಿಸುತ್ತವೆ ಎಂದು ಅಮೆರಿಕದ ಜಾರ್ಜಿಯಾ ಟೆಕ್‌ನ ಅಲೆಕ್ಸಿಸ್ ನೋಯೆಲ್ ಮತ್ತು ಡೇವಿಡ್ ಹು 2018ರಲ್ಲಿ ತೋರಿಸಿದರು. ಹೀಗೆ ಬಳಿದ ಜೊಲ್ಲು ಆವಿಯಾಗಿ ಬೆಕ್ಕಿಗೆ ಬೇಕಾದ ತಂಪಿನ ಕಾಲು ಭಾಗದವರೆಗೆ ಒದಗಿಸಬಲ್ಲದು ಎಂಬುದು ಅವರ ಅಂದಾಜು. ತುಪ್ಪಳ ಗಂಟುಕಟ್ಟಿದ್ದರೆ ನಾಲಿಗೆ ಬುಡ ಮುಟ್ಟುವುದಿಲ್ಲ. ಉದ್ದ ಕೂದಲಿನ ಬೆಕ್ಕಿಗೆ ದಿನಾ ಬಾಚಣಿಗೆ ಹಾಕುವುದು ಬೇಸಗೆಯಲ್ಲಿ ಬರೀ ಅಂದದ ಮಾತಲ್ಲ. ಬೆನ್ನು ತಿರುಗಿಸಲಾಗದ ಮುದಿ ಬೆಕ್ಕು, ಬೊಜ್ಜಿನ ಬೆಕ್ಕುಗಳಿಗೆ ಕೈಯನ್ನು ಒದ್ದೆ ಮಾಡಿಕೊಂಡು ಮೈ ಸವರಿದರೆ ನಾವೇ ಆ ಕೆಲಸ ಮಾಡಿಕೊಟ್ಟಂತೆ. ಬಲವಂತದ ಸ್ನಾನ ಬೇಡ. ಒದ್ದಾಟದ ಶಾಖವೇ ಹೆಚ್ಚು.

ಬೆಕ್ಕು ಬಾಯಿ ತೆರೆದು ತೇಕುವುದು ನಾಯಿಯಂತೆ ದಿನನಿತ್ಯದ ಸಂಗತಿಯಲ್ಲ. ಜೋರಾಗಿ ಆಡಿದ ಮೇಲೆ, ಕಾರಿನ ಪಯಣದಲ್ಲಿ ಹೆದರಿದಾಗ ಕ್ಷಣಕಾಲ ತೇಕಬಹುದು. ತಣ್ಣನೆಯ ಜಾಗಕ್ಕೆ ತಂದು ಐದು-ಹತ್ತು ನಿಮಿಷವಾದರೂ ನಿಲ್ಲದಿದ್ದರೆ ಪಶುವೈದ್ಯರ ಬಳಿಗೆ ಹೋಗಬೇಕು. ಅದು ಬರೀ ಸೆಕೆಯಾಗಿರದೆ ಹೃದಯದ ಅಥವಾ ಶ್ವಾಸಕೋಶದ ತೊಂದರೆಯೂ ಆಗಿರಬಹುದು. ನಾನಾ ಮೂಲೆಗಳಲ್ಲಿ ಮಲಗುವ ಚಾಳಿಯೇ ಬೆಕ್ಕಿಗೆ ಮುಳುವಾಗುವುದುಂಟು: ಮುಚ್ಚಿದ ಶೆಡ್, ಬಟ್ಟೆ ಒಣಗಿಸುವ ಯಂತ್ರದ ಒಳಗು, ಬಾಗಿಲು ಹಾಕಿದ ಬಾಲ್ಕನಿ. ಬೀಗ ಹಾಕುವ ಮುನ್ನ ಒಳಗೆ ಕಣ್ಣಾಡಿಸಬೇಕು.

ನೀರು ಕುಡಿಸುವುದರಲ್ಲೂ ಬೆಕ್ಕು ಹಟಮಾರಿ. ನಾಯಿಗೆ ಸಾಮಾನ್ಯ ದಿನದಲ್ಲಿ ಕಿಲೋ ತೂಕಕ್ಕೆ 50-60 ಮಿಲಿಲೀಟರ್ ನೀರು ಬೇಕು, ಬೆಕ್ಕಿಗೆ ಅದಕ್ಕಿಂತ ತುಸು ಕಡಿಮೆ. ಸೆಕೆಗೆ ಇಬ್ಬರಿಗೂ ಇದು ಏರುತ್ತದೆ. ಬಾಯಾರಿಕೆ ಮಂದವಿರುವ ಬೆಕ್ಕಿಗೆ ಮಲದ ತಟ್ಟೆಯಿಂದ ದೂರ, ಎರಡು ಮೂರು ಕಡೆ ಅಗಲ ಬಾಯಿಯ ಬಟ್ಟಲು ಇಡುವುದು, ಮುಕ್ಕಾಲು ಪಾಲು ನೀರೇ ಇರುವ ಮೆತ್ತನೆಯ ಡಬ್ಬಿ ಆಹಾರ ಕೊಡುವುದು ಫಲ ಕೊಡುತ್ತದೆ. ಒಣ ಕಾಳಿನ ಆಹಾರದಲ್ಲಿ ನೀರು ಶೇ. 10ರ ಆಸುಪಾಸು ಅಷ್ಟೇ. ಬಿಳಿ ಬೆಕ್ಕುಗಳ ಕಿವಿ ತುದಿ ಮತ್ತು ಮೂಗಿಗೆ ಬಿಸಿಲು ಪದೇ ಪದೇ ಸುಟ್ಟರೆ ಚರ್ಮದ ಕ್ಯಾನ್ಸರ್ ಬರುವ ಅಪಾಯವಿದೆ. ಮನುಷ್ಯರ ಸನ್‌ಸ್ಕ್ರೀನ್ ಹಚ್ಚಬೇಡಿ. ಅದರಲ್ಲಿ ಸಾಮಾನ್ಯವಾಗಿ ಇರುವ ಜಿಂಕ್ ಆಕ್ಸೈಡ್, ಸ್ಯಾಲಿಸಿಲೇಟುಗಳನ್ನು ಬೆಕ್ಕು ನೆಕ್ಕಿಬಿಡುತ್ತದೆ.

ಬೋಳಿಸಬೇಕೆ?

ಎರಡು ಪದರದ ತುಪ್ಪಳವಿರುವ ನಾಯಿಗಳನ್ನು, ಅಂದರೆ ಹಸ್ಕಿ, ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್ ಮುಂತಾದವನ್ನು, ಚರ್ಮ ಕಾಣುವಂತೆ ಬೋಳಿಸಬಾರದು. ಮೇಲಿನ ಒರಟು ಕೂದಲು ಬಿಸಿಲನ್ನು ತಡೆಯುತ್ತದೆ. ತೊಂದರೆ ಕೊಡುವುದು ಉದುರಿಯೂ ಹೊರಬರದೆ ಬುಡದಲ್ಲಿ ಸಿಕ್ಕಿಕೊಂಡ ಒಳತುಪ್ಪಳ; ಅದನ್ನು ಬಾಚಿ ತೆಗೆದರೆ ಚರ್ಮದ ಹತ್ತಿರ ಗಾಳಿಯಾಡುತ್ತದೆ. ಬೋಳಿಸಿದ ಜಾಗದಲ್ಲಿ ಬಿಸಿಲು ಸುಡುತ್ತದೆ, ಕೆಲವು ತಳಿಗಳಲ್ಲಿ ಕೂದಲು ತಿಂಗಳುಗಟ್ಟಲೆ ಸರಿಯಾಗಿ ಮರಳಿ ಬೆಳೆಯುವುದೂ ಇಲ್ಲ. ಒಂದೇ ಪದರದ, ಸದಾ ಬೆಳೆಯುವ ಕೂದಲಿನ ಪೂಡಲ್‌ನಂಥ ನಾಯಿಗೆ ಒಂದಿಂಚು ಉಳಿಸಿ ಕತ್ತರಿಸಿದರೆ ಅಡ್ಡಿಯಿಲ್ಲ. ನೆಲಕ್ಕೆ ತಾಗುವ ಹೊಟ್ಟೆಯ ಕೂದಲನ್ನು ಯಾವ ನಾಯಿಗಾದರೂ ಮೊಟಕುಗೊಳಿಸಬಹುದು.

ಕಾರಿಗಿಂತ ಚೆಂಡೇ ಅಪಾಯ

ಮುಚ್ಚಿದ ಕಾರಿನ ಬಗ್ಗೆ ಎಚ್ಚರಿಕೆ ಎಲ್ಲರೂ ಕೇಳಿದ್ದಾರೆ, ಅದು ಸರಿಯೂ ಹೌದು. 2005ರಲ್ಲಿ ಪ್ರಕಟವಾದ ಅಳತೆಗಳಲ್ಲಿ ನಿಲ್ಲಿಸಿದ ಕಾರಿನೊಳಗಿನ ಉಷ್ಣತೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತ್ತು, ಅದರಲ್ಲಿ ಶೇ. 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ. ಕಿಟಕಿ ತುಸು ಇಳಿಸಿದ್ದರಿಂದ ಹೇಳಿಕೊಳ್ಳುವ ವ್ಯತ್ಯಾಸವಾಗಲಿಲ್ಲ. ಆದರೂ ಬ್ರಿಟನ್ನಿನ ಪಶುವೈದ್ಯಕೀಯ ದಾಖಲೆಗಳನ್ನು ಜಾಲಾಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾರಣ ಗೊತ್ತಾದ ಶಾಖಾಘಾತಗಳಲ್ಲಿ ಸುಮಾರು ಮುಕ್ಕಾಲು ಪಾಲು ಓಟ-ನಡಿಗೆ-ಆಟದಿಂದ ಆದವು. ಕಾರಿನಲ್ಲಿ ಆದವು ಶೇ. 5ರ ಆಸುಪಾಸು.

ಚೆಂಡು ಎಸೆದಷ್ಟೂ ಓಡುವ ನಾಯಿ ತಾನಾಗಿ ನಿಲ್ಲಿಸುವುದಿಲ್ಲ, ನಿಲ್ಲಿಸಬೇಕಾದವರು ನಾವು. ಬೇಸಗೆಯ ಮೊದಲ ಬಿಸಿ ವಾರ ಹೆಚ್ಚು ಅಪಾಯದ್ದು. ನಾಯಿಯ ದೇಹ ಸೆಕೆಗೆ ಭಾಗಶಃ ಒಗ್ಗಲು 10ರಿಂದ 20 ದಿನ, ಪೂರ್ತಿ ಒಗ್ಗಲು ಎರಡು ತಿಂಗಳವರೆಗೂ ಹಿಡಿಯುತ್ತದೆ. ನಡಿಗೆ ಬೆಳಗ್ಗೆಯೇ ಇರಲಿ. ಸೂರ್ಯ ಮುಳುಗಿದ ಮೇಲೂ ಡಾಂಬರು ರಸ್ತೆ ಹೊತ್ತುಗಟ್ಟಲೆ ಕಾದಿರುತ್ತದೆ, ನೆಲಕ್ಕೆ ಹತ್ತಿರವಿರುವ ನಾಯಿಯ ಹೊಟ್ಟೆಗೆ ಆ ಕಾವು ನೇರ ಬಡಿಯುತ್ತದೆ. ಬಿಸಿಲಿನಲ್ಲಿ ಗಾಳಿ 25 ಡಿಗ್ರಿ ಇದ್ದರೂ ಡಾಂಬರು 50 ದಾಟಬಲ್ಲದು. ಕೈಯ ಹಿಂಭಾಗವನ್ನು ಏಳು ಸೆಕೆಂಡು ರಸ್ತೆಗೆ ಒತ್ತಿ ಹಿಡಿಯಲಾಗದಿದ್ದರೆ ಅಂಗಾಲಿಗೂ ಆಗದು.

ಚಪ್ಪಟೆ ಮೂತಿಯ ಪಗ್, ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್‌ಗಳ ಮತ್ತು ಪರ್ಷಿಯನ್ ಬೆಕ್ಕಿನ ಕಷ್ಟ ಇನ್ನೊಂದು ಬಗೆಯದು. ಗಾಳಿ ಸುಳಿಯಬೇಕಾದ ಮೂಗೇ ಕುಗ್ಗಿದೆ, ಹೊಳ್ಳೆ ಕಿರಿದು, ಬಾಯಿಯ ಮೆದು ಅಂಗುಳು ಉದ್ದವಾಗಿ ಗಂಟಲಿಗೆ ಅಡ್ಡ ಬರುತ್ತದೆ. ತೇಕಲು ಸ್ನಾಯುಗಳು ಹೆಚ್ಚು ದುಡಿಯಬೇಕು, ದುಡಿದಷ್ಟೂ ಶಾಖ, ಜೊತೆಗೆ ಗಂಟಲು ಊದಿಕೊಂಡು ದಾರಿ ಮತ್ತಷ್ಟು ಕಿರಿದು. ಗೊರಕೆಯಂಥ ಸದ್ದು ಕೇಳಿದರೆ ಮುದ್ದೆನಿಸಬಹುದು. ಸೆಕೆಯಲ್ಲಿ ಅದು ಉಸಿರು ಕಟ್ಟುತ್ತಿರುವ ಸದ್ದು. ಬೊಜ್ಜು, ಇಳಿವಯಸ್ಸು, ಹೃದ್ರೋಗ, ದೊಡ್ಡ ತಳಿಯ ಮುದಿ ನಾಯಿಗಳ ಧ್ವನಿಪೆಟ್ಟಿಗೆಯ ಪಾರ್ಶ್ವವಾಯು ಇವೂ ಅಪಾಯ ಹೆಚ್ಚಿಸುತ್ತವೆ.

ಮೊದಲು ತಣಿಸಿ, ಆಮೇಲೆ ಹೊರಡಿ

ನಾಲಿಗೆಯ ತುದಿ ಸೌಟಿನಂತೆ ಅಗಲವಾಗಿ ಜೋತುಬೀಳುವುದು, ಜೊಲ್ಲು ದಾರದಂತೆ ಗಟ್ಟಿಯಾಗುವುದು, ಒಸಡು ಇಟ್ಟಿಗೆ ಕೆಂಪಾಗುವುದು, ನೆರಳಲ್ಲಿ ನಿಂತು ಹತ್ತು ನಿಮಿಷವಾದರೂ ತೇಕು ಇಳಿಯದಿರುವುದು ಮುನ್ಸೂಚನೆಗಳು. ತೂರಾಟ, ವಾಂತಿ, ರಕ್ತದ ಭೇದಿ, ಕುಸಿತ, ಸೆಳವು ಕಂಡರೆ ಶಾಖಾಘಾತ ಆಗಿಹೋಗಿದೆ. ಮೈಬಿಸಿ 41 ದಾಟಿ 43ರ ಹತ್ತಿರ ಹೋದಂತೆ ಜೀವಕೋಶಗಳೇ ಹಾಳಾಗತೊಡಗುತ್ತವೆ. ಎಷ್ಟು ಬಿಸಿಯಾಯಿತು ಎಂಬಷ್ಟೇ ಎಷ್ಟು ಹೊತ್ತು ಬಿಸಿಯಾಗಿತ್ತು ಎಂಬುದೂ ಸಾವು ಬದುಕನ್ನು ನಿರ್ಧರಿಸುತ್ತದೆ. ಆದ್ದರಿಂದ ಕಾರಿನ ಕೀಲಿ ಹುಡುಕುವ ಮೊದಲು ನೀರು ಹುಡುಕಬೇಕು. ಬ್ರಿಟನ್ನಿನ ಇನ್ನೊಂದು ಅಧ್ಯಯನದಲ್ಲಿ ಆಸ್ಪತ್ರೆಗೆ ಹೊರಡುವ ಮುನ್ನ ತಣಿಸಿದ್ದ ನಾಯಿಗಳು ಐದರಲ್ಲಿ ಒಂದರಷ್ಟು ಮಾತ್ರ.

ನಾಯಿಯನ್ನು ನೆರಳಿಗೆ ತನ್ನಿ, ಕೊರಳಪಟ್ಟಿ ಬಿಚ್ಚಿ. ನಲ್ಲಿಯ ನೀರನ್ನು ಮೈಮೇಲೆ ಬಿಡದೆ ಸುರಿಯುತ್ತಿರಿ. ಅದು ನಾಯಿಯ ಮೈಗಿಂತ ತಣ್ಣಗಿದ್ದರೆ ಸಾಕು. ಹೊಟ್ಟೆ, ತೊಡೆಸಂದು, ಕಂಕುಳಿಗೆ ಮೊದಲು. ಜೊತೆಗೆ ಫ್ಯಾನ್, ಇಲ್ಲವೆಂದರೆ ರಟ್ಟಿನಿಂದ ಬೀಸಿ. ಪೈಪಿನಲ್ಲಿ ನಿಂತ ನೀರು ಬಿಸಿಲಿಗೆ ಕಾದಿರುತ್ತದೆ, ಮೊದಲು ಅದನ್ನು ಹರಿಯಬಿಡಿ. ಓಡಿ ಕುಸಿದ, ಎಳೆಯ, ಆರೋಗ್ಯವಂತ ನಾಯಿಯನ್ನು ತಣ್ಣೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿಸಬಹುದು. ತಣ್ಣೀರು ರಕ್ತನಾಳ ಕುಗ್ಗಿಸಿ ಕೊಲ್ಲುತ್ತದೆ ಎಂಬ ಹಳೆಯ ಭಯಕ್ಕೆ ಆಧಾರವಿಲ್ಲ. ಮುದಿ ಅಥವಾ ಕಾಯಿಲೆಯ ನಾಯಿಗೆ ನೀರು ಸುರಿದು ಗಾಳಿ ಹಾಕುವುದೇ ಲೇಸು. ಪ್ರಜ್ಞೆಯಿಲ್ಲದ ನಾಯಿಯ ಮೂಗು ಬಾಯಿಗೆ ನೀರು ಹೋಗದಂತೆ ತಲೆ ಎತ್ತಿ ಹಿಡಿಯಬೇಕು, ಬಾಯಿಗೆ ನೀರು ಹಾಕಲೇಬಾರದು.

ಒದ್ದೆ ಟವೆಲ್ ಹೊದಿಸಬೇಡಿ. ಎರಡು ಮೂರು ನಿಮಿಷದಲ್ಲಿ ಅದು ಮೈಯ ಬಿಸಿಗೆ ಕಾದು, ಆವಿಯೂ ಹೋಗದಂತೆ, ಗಾಳಿಯೂ ತಾಗದಂತೆ ಮುಚ್ಚಿಬಿಡುತ್ತದೆ. ಅಂಗಾಲಿಗೆ ಸ್ಪಿರಿಟ್ ಹಚ್ಚುವುದರಿಂದಲೂ ಪ್ರಯೋಜನವಿಲ್ಲ. ಪ್ರಜ್ಞೆ ಪೂರ್ತಿ ಇರುವ, ಆಡಿ ಬಿಸಿಯಾದ ನಾಯಿಗೆ ಇನ್ನೊಂದು ದಾರಿಯನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ 2024ರಲ್ಲಿ ತೋರಿಸಿತು: ನೀರು ತುಂಬಿದ ಪಾತ್ರೆಯೊಳಗಿನ ಆಟಿಕೆಗಾಗಿ ನಾಯಿ ತಾನಾಗಿ ತಲೆ ಮುಳುಗಿಸುವುದು. ಕುತ್ತಿಗೆಗೆ ಐಸ್ ಪ್ಯಾಕ್ ಇಡುವುದಕ್ಕಿಂತ, ಒದ್ದೆ ಟವೆಲಿಗಿಂತ ಇದು ಬೇಗ ತಣಿಸಿತು. ಮೊದಲೇ ಕಲಿಸಿರಬೇಕು, ಬಲವಂತವಾಗಿ ತಲೆ ಅದ್ದಬಾರದು.

ಡಿಜಿಟಲ್ ಥರ್ಮಾಮೀಟರಿಗೆ ಜಾರುವ ಮುಲಾಮು ಸವರಿ ಗುದದ್ವಾರದಲ್ಲಿ ಒಂದಿಂಚಿನಷ್ಟು ತೂರಿಸಿ ಕೆಲವು ನಿಮಿಷಕ್ಕೊಮ್ಮೆ ನೋಡಿ. 39.5ಕ್ಕೆ ಇಳಿದ ಕೂಡಲೇ ನೀರು ನಿಲ್ಲಿಸಿ ಮೈ ಒರೆಸಬೇಕು. ಇಳಿಕೆ ಅಲ್ಲಿಗೇ ನಿಲ್ಲದೆ ಮುಂದುವರಿದು ಮೈ ಅತಿಯಾಗಿ ತಣ್ಣಗಾಗಬಹುದು. ಆಮೇಲೆ ಕಿಟಕಿ ತೆರೆದೋ ಏಸಿ ಹಾಕಿಯೋ ಆಸ್ಪತ್ರೆಗೆ.

ಜ್ವರದ ಮಾತ್ರೆ ಕೊಡುವವರಿದ್ದಾರೆ. ಜ್ವರದಲ್ಲಿ ಮೆದುಳೇ ದೇಹದ ಉಷ್ಣತೆಯ ಗುರಿಯನ್ನು ಏರಿಸಿರುತ್ತದೆ, ಮಾತ್ರೆ ಆ ಗುರಿಯನ್ನು ಇಳಿಸುತ್ತದೆ. ಶಾಖಾಘಾತದಲ್ಲಿ ಗುರಿ ಏರಿಲ್ಲ. ಶಾಖ ಹೊರಹೋಗುತ್ತಿಲ್ಲ, ಅಷ್ಟೇ. ಮಾತ್ರೆ ಅಲ್ಲಿ ಮಾಡುವುದು ಏನೂ ಇಲ್ಲ. ಪ್ಯಾರಸಿಟಮಾಲ್ ಅಂತೂ ಬೆಕ್ಕಿಗೆ ವಿಷ, ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು.

ನಾಯಿ ಎದ್ದು ಬಾಲ ಆಡಿಸಿದರೂ ಆಸ್ಪತ್ರೆ ತಪ್ಪಿಸಬಾರದು. ಕಾವಿಗೆ ಕರುಳಿನ ಒಳಪೊರೆ ಸಡಿಲವಾಗಿ ಬ್ಯಾಕ್ಟೀರಿಯಾದ ವಿಷ ರಕ್ತಕ್ಕೆ ಸೇರುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆ ಹದ ತಪ್ಪುತ್ತದೆ. ಇವು ಹೊರಗೆ ಕಾಣಿಸಿಕೊಳ್ಳಲು ಒಂದರಿಂದ ಮೂರು ದಿನ ಬೇಕಾಗಬಹುದು. ವೈದ್ಯರು ರಕ್ತಪರೀಕ್ಷೆಯನ್ನು ಒಂದೇ ದಿನಕ್ಕೆ ಮುಗಿಸದೆ ಮರುದಿನವೂ ಮಾಡಿಸುವುದು ಇದಕ್ಕೇ. ಮನೆಗೆ ತಂದ ಮೇಲೆ ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಅಥವಾ ನಿಂತರೆ, ಮಲ ಕಪ್ಪಾದರೆ, ಒಸಡಿನಲ್ಲೋ ಹೊಟ್ಟೆಯ ಚರ್ಮದಲ್ಲೋ ಸಣ್ಣ ಕೆಂಪು ಚುಕ್ಕೆಗಳು ಎದ್ದರೆ ಅದೇ ಗಂಟೆಯಲ್ಲಿ ವಾಪಸು ಕರೆದೊಯ್ಯಬೇಕು.